ಗಾನವಿಚಾರ: ವಿದ್ಯುದ್ವಾದ್ಯದ ಮೊದಲ ಹಾಡುಗಳು

ನಮ್ಮ ಹಾಸನ ಸೀಮೆಯವರಿಗೆ ಸಂಗೀತದ ವಿಷಯದಲ್ಲಿ ಅಭಿಮಾನವು ಸ್ವಲ್ಪ ಹೆಚ್ಚೆಂದು ಹೊರಗಿನವರು ಹೇಳುವುದುಂಟು. ಹೇಳಿದರೆ ಹೇಳಲಿ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವೆಂಬ ಚಿಕ್ಕ ಗ್ರಾಮವು ನಾಡಿಗೆ ಕೊಟ್ಟ ವಿದ್ವಾಂಸರ ಹೆಸರುಗಳನ್ನು ಎಣಿಸಿದರೆ ಈ ಅಭಿಮಾನವು ನಿರಾಧಾರವಾದುದಲ್ಲವೆಂದು ಯಾರಿಗಾದರೂ ಗೊತ್ತಾಗುತ್ತದೆ. ೧೯೨೦ರಲ್ಲಿ ಅಲ್ಲಿ ಜನಿಸಿ, ತೊಂಬತ್ತು ದಾಟಿದ ಮೇಲೂ ಕಚೇರಿ ನಡೆಸುತ್ತಿದ್ದ ಆರ್. ಕೆ. ಶ್ರೀಕಂಠನ್ ಅವರು ಆ ಊರಿನವರು. ರುದ್ರಪಟ್ಟಣ ಸಹೋದರರೆಂದು ಪ್ರಸಿದ್ಧರಾದ ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್ ಅವರ ಮನೆತನವು ಆ ಊರಿನದು. ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳಿಗೆ ಅಲ್ಲೊಂದು ಧ್ಯಾನಮಂದಿರವನ್ನೇ ಕಟ್ಟಿಸಿದ ಆರ್. ಕೆ. ಪದ್ಮನಾಭ ಅವರೂ ಅಲ್ಲಿಯವರೇ. ಇಂಥ ನೆಲದಲ್ಲಿ ಕುಳಿತು, ತಂತಿಯಿಲ್ಲದ, ಚರ್ಮವಿಲ್ಲದ, ಊದುವುದಕ್ಕೆ ಕೊಳವೆಯೂ ಇಲ್ಲದ ಒಂದು ವಾದ್ಯದ ಹಾಡುಗಳನ್ನು ಕುರಿತು ಈ ತಿಂಗಳು ಬರೆಯಹೊರಟಿರುವುದನ್ನು ಕಂಡು ನಮ್ಮ ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆವು. ಪೂರ್ತಿ ಓದಿದ ಮೇಲೆ ಗಂಟಿಕ್ಕಬಹುದೆಂದು ಅವರಲ್ಲಿ ನಮ್ಮ ಬಿನ್ನಹ.

ಇದಕ್ಕೆ ಕಾರಣವಾದುದು ಹೊಳೆನರಸೀಪುರದಿಂದ ಬಂದ ಒಂದು ಕಾಗದ. ಬರೆದವರು ಅಂಗಡಿ ನಡೆಸುವ ಒಬ್ಬ ಗೃಹಸ್ಥರು. ಅವರಿಗೆ ಕಾಲೇಜಿನ ಮೊದಲ ವರ್ಷದಲ್ಲಿರುವ ಮಗಳೂ, ಒಂಬತ್ತನೆಯ ತರಗತಿಯ ಮಗನೂ ಇದ್ದಾರೆ. ಚನ್ನರಾಯಪಟ್ಟಣದ ಆರ್ಕೆಸ್ಟ್ರಾದವರೊಬ್ಬರಿಂದ ಹಳೆಯ ಕೀಬೋರ್ಡೊಂದನ್ನು ಕೊಂಡು ತಂದು, ತಾರಸಿಯ ಮೇಲಿನ ಕೊಠಡಿಯಲ್ಲಿ ಅಕ್ಕತಮ್ಮಂದಿರಿಬ್ಬರೂ ಹಾಡು ಕಟ್ಟುತ್ತಿದ್ದಾರಂತೆ. ಜೊತೆಗೆ ಮೃದಂಗವಿಲ್ಲ, ಪಿಟೀಲಿಲ್ಲ, ತಬಲವೂ ಇಲ್ಲ. ಎಲ್ಲವೂ ಆ ಒಂದು ಪೆಟ್ಟಿಗೆಯಿಂದಲೇ, ಮತ್ತು ಓದಿಗೆಂದು ಕೊಡಿಸಿದ ಕಂಪ್ಯೂಟರಿನಿಂದಲೇ. ಈಗ ಇಪ್ಪತ್ತೈದು ಸಾವಿರ ರೂಪಾಯಿಯ ಹೊಸ ವಾದ್ಯವೊಂದು ಬೇಕೆಂದು ಹಟ. ವೀಣೆ ಕಲಿತ ಅಜ್ಜಿಯವರು "ಇದೂ ಒಂದು ಸಂಗೀತವೇನಪ್ಪಾ?" ಎಂದು ಕೇಳಿದ್ದಾರೆ. ನೆರೆಹೊರೆಯವರು ಬೆಳೆದ ಹೆಣ್ಣುಮಗಳನ್ನು ಹೀಗೆ ಬಿಡಬಹುದೇ ಎಂದು ಕೇಳಿದ್ದಾರೆ. ಈ ಎರಡು ಪ್ರಶ್ನೆಗಳನ್ನೂ ತಂದೆಯವರು ನಮ್ಮ ಕಡೆಗೆ ದಾಟಿಸಿದ್ದಾರೆ. ಆದರೆ ಅವರ ರುಜುವಿನ ಕೆಳಗೆ ಬೇರೊಂದು ಕೈಬರಹದಲ್ಲಿ, ತಂದೆಗೆ ತಿಳಿದೋ ತಿಳಿಯದೆಯೋ, ಒಂದು ಸಾಲು ಇತ್ತು: ತೀರ್ಪು ಹೇಳುವುದಕ್ಕೆ ಮುಂಚೆ ದಯವಿಟ್ಟು ಈ ಮೂರು ಹಾಡುಗಳನ್ನು ಕೇಳಬೇಕು ಎಂದು. ನ್ಯಾಯವಾದ ಮಾತು. ಕೇಳಿದೆವು, ಒಂದು ಸಾರಿಯಲ್ಲ, ಒಂದು ವಾರದ ಸಂಜೆಗಳೆಲ್ಲ.

ಮೊದಲು ವಾದ್ಯದ ವಿಚಾರ. ಸಿಂಥಸೈಜರೆಂಬುದು ಇತರ ವಾದ್ಯಗಳ ನಾದವನ್ನು ಹಿಡಿದಿಟ್ಟು ಮರಳಿ ನುಡಿಸತಕ್ಕ ಪೆಟ್ಟಿಗೆಯೆಂದು ಅನೇಕರು ಭಾವಿಸಿದ್ದಾರೆ. ಈಚಿನ ಅಗ್ಗದ ಕೀಬೋರ್ಡುಗಳ ಮಟ್ಟಿಗೆ ಅದು ನಿಜವೇ. ಆದರೆ ಮೂಲ ಯಂತ್ರದ ಬಗೆಯೇ ಬೇರೆ. ವೀಣೆಯಲ್ಲಿ ತಂತಿಯ ಕಂಪನವು ನಾದವಾಗುತ್ತದೆಯಲ್ಲವೆ? ಇಲ್ಲಿ ವಿದ್ಯುತ್ತೇ ಕ್ಷಣಕ್ಕೆ ಇಷ್ಟು ಸಾರಿಯೆಂದು ಏರಿಳಿಯುತ್ತದೆ. ಧ್ವನಿವರ್ಧಕದ ಹಾಳೆಯು ಅದರೊಡನೆ ನಡುಗಿ ಸ್ವರವು ಹುಟ್ಟುತ್ತದೆ. ಹೀಗೆ ಹುಟ್ಟಿದ ಸ್ವರವು ಬಲು ಒರಟು. ಅದನ್ನು ಒಂದು ಜರಡಿಯ ಮೂಲಕ ಹಾಯಿಸಿ ಕರ್ಕಶವಾದ ಅಂಶವನ್ನು ಬೇಕಾದಷ್ಟು ತೆಗೆಯುತ್ತಾರೆ. ಆಮೇಲೆ ಆ ಸ್ವರವು ತಟ್ಟನೆ ಏಳಬೇಕೋ ಮೆಲ್ಲನೆ ಏಳಬೇಕೋ, ಗಂಟೆಯಂತೆ ಹೊತ್ತು ಹೊತ್ತಿಗೂ ಕರಗಬೇಕೋ ಮೃದಂಗದ ಪೆಟ್ಟಿನಂತೆ ಕೂಡಲೇ ಆರಬೇಕೋ, ಇದನ್ನು ಇನ್ನೊಂದು ಭಾಗವು ಗೊತ್ತುಮಾಡುತ್ತದೆ. ಹುಟ್ಟಿಸುವುದು, ಸೋಸುವುದು, ರೂಪು ಕೊಡುವುದು, ಇಷ್ಟೇ ಅದರ ವಿದ್ಯೆ. ಅಮೆರಿಕದ ರಾಬರ್ಟ್ ಮೂಗ್ ಎಂಬಾತನು ೧೯೬೪ರಲ್ಲಿ ಇದಕ್ಕೊಂದು ನೆಲೆಯಾದ ರೂಪವನ್ನು ಕೊಟ್ಟನು. ಐದೇ ವರ್ಷಗಳಲ್ಲಿ, ೧೯೬೯ರಲ್ಲಿ, ಮೂಗ್ ಯಂತ್ರವೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ನೆಲೆಸಿತ್ತೆಂದರೆ ಹಲವರಿಗೆ ಆಶ್ಚರ್ಯವಾದೀತು. ನಮ್ಮವರೇ ಅದರ ಮೇಲೆ ಅಂದು ಮುದ್ರಿಸಿದ ಸುರುಳಿಗಳು ಅರ್ಧ ಶತಮಾನ ಮರೆಯಲ್ಲಿದ್ದು, ೨೦೨೩ರಲ್ಲಿ ಹೊರಬಂದವು.

ಈ ವಾದ್ಯವನ್ನು ಮುಂದಿಟ್ಟುಕೊಂಡು ಕಟ್ಟಿದ ಸುಲಭವಾದ, ಕುಣಿಸುವ ಹಾಡಿಗೆ ಸಿಂಥ್‌ಪಾಪ್ ಎಂದು ಹೆಸರು. ಅದರ ತವರು ಜರ್ಮನಿ, ಇಂಗ್ಲೆಂಡು, ಜಪಾನುಗಳೆಂದು ಎಲ್ಲರೂ ಹೇಳುತ್ತಾರೆ. ಹೊಳೆನರಸೀಪುರದ ಹುಡುಗಿಯು ಬರೆದು ಕಳುಹಿಸಿದ ಮೂರು ಹಾಡುಗಳಾದರೋ ಹಿಂದಿ ಉರ್ದುಗಳವು. ಹಾಡಿದವಳು ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ನಾಜಿಯಾ ಹಸನ್. ಜೊತೆಗಾರನು ಆಕೆಯ ತಮ್ಮ ಜೊಹೇಬ್. ಸಂಗೀತವನ್ನು ನಡೆಸಿದವರು ಬಿದ್ದು. ಈ ಬಿದ್ದು ಯಾರು? ೧೯೪೫ರಲ್ಲಿ ನಮ್ಮ ಬೆಂಗಳೂರಿನಲ್ಲಿ ಜನಿಸಿದ, ಕೊಡಗಿನ ಮನೆತನದ ಬಿದ್ದು ಅಪ್ಪಯ್ಯನವರು! ತಾರುಣ್ಯದಲ್ಲಿ ಬೆಂಗಳೂರಿನಲ್ಲಿ ಗೆಳೆಯರೊಡನೆ ಟ್ರೋಜನ್ಸ್ ಎಂಬ ಮೇಳವನ್ನು ಕಟ್ಟಿದ್ದರು. ಜೊತೆಗಾರರು ಬಿಟ್ಟು ಹೋಗಲು ಗಿಟಾರನ್ನು ಹಿಡಿದು ತಾವೊಬ್ಬರೇ ಹಾಡುತ್ತ ಮುಂಬಯಿಗೆ ಹೋಗಿ, ಅಲ್ಲಿಂದ ಮಧ್ಯಪ್ರಾಚ್ಯದ ದಾರಿಯಾಗಿ ೧೯೬೦ರ ದಶಕದಲ್ಲಿ ಲಂಡನ್ನನ್ನು ಸೇರಿದರು. ೧೯೭೪ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನ ತಟ್ಟೆಯೊಂದರ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿದ "ಕುಂಗ್ ಫೂ ಫೈಟಿಂಗ್" ಎಂಬ ಹಾಡು ಮುಂಬದಿಯದನ್ನು ಮೂಲೆಗೊತ್ತಿ ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು. ೧೯೭೬ರಲ್ಲಿ ಟೀನಾ ಚಾರ್ಲ್ಸ್ ಎಂಬಾಕೆಯಿಂದ ಹಾಡಿಸಿದ ಹಾಡೊಂದೂ ಇಂಗ್ಲೆಂಡಿನಲ್ಲಿ ಮೊದಲನೆಯದಾಯಿತು. ನಮ್ಮವರೊಬ್ಬರು ಇಷ್ಟು ಮಾಡಿದ್ದು ನಮ್ಮ ಮನೆಗಳಲ್ಲಿ ಇಷ್ಟು ಕಡಮೆ ತಿಳಿದಿರುವುದು ಸೋಜಿಗವೇ ಸರಿ.

ಮೊದಲನೆಯ ಹಾಡು "ಆಪ್ ಜೈಸಾ ಕೋಯಿ". ೧೯೮೦ರ "ಕುರ್ಬಾನಿ" ಚಿತ್ರದ್ದು. ಆ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದ ಫಿರೋಜ್ ಖಾನರೂ ಬೆಂಗಳೂರಿನಲ್ಲಿ ಹುಟ್ಟಿದವರೇ. ಚಿತ್ರದ ಇತರ ಹಾಡುಗಳಿಗೆ ಕಲ್ಯಾಣ್‌ಜೀ ಆನಂದ್‌ಜೀಯವರ ಸಂಗೀತ; ಇದೊಂದು ಮಾತ್ರ ಲಂಡನ್ನಿನಲ್ಲಿ ಬಿದ್ದು ಅವರಿಂದ ಆದುದು; ಸಾಹಿತ್ಯ ಇಂದೀವರ್ ಅವರದು. ಹಾಡಿದಾಗ ನಾಜಿಯಾಳಿಗೆ ಸುಮಾರು ಹದಿನೈದು ವರ್ಷ. ಲತಾ, ಆಶಾ ಮುಂತಾದವರ ಕಂಠಕ್ಕೆ ಒಗ್ಗಿದ ಕಿವಿಗೆ ಈ ಕಂಠವು ಮೊದಲು ಚಪ್ಪಟೆಯಾಗಿ ಕೇಳಿಸುತ್ತದೆ. ಅದರಲ್ಲಿ ತಾನವಿಲ್ಲ, ಏರುದನಿಯ ಬೆಡಗಿಲ್ಲ. ಪಕ್ಕದ ಮನೆಯ ಹುಡುಗಿಯು ಮೂಗಿನಲ್ಲಿ ಗುನುಗಿದಂತೆ ಇದೆ. ಬಿದ್ದು ಅವರ ಜಾಣತನವು ಇಲ್ಲಿಯೇ. ಅದೇ ಕಂಠವನ್ನು ಎರಡನೆಯ ಸಲವೂ ಹಾಡಿಸಿ ಒಂದರ ಮೇಲೊಂದನ್ನು ಇಟ್ಟಿದ್ದಾರೆ. ಎರಡೂ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ ಒಂದು ಬಗೆಯ ಹೊಳಪು ಬಂದಿದೆ. ಕೆಳಗೆ ಮಂದ್ರದ ನಡೆಯು ಹೃದಯದ ಬಡಿತದಂತೆ ಬಿಡದೆ ಸಾಗುತ್ತದೆ. ಲಯವು ಓಡುವುದಲ್ಲ, ನಡೆಯುವುದು. ಇದನ್ನು ಕುಣಿಯುವ ಹಾಡೆಂದು ಹೇಗೆ ಕರೆದರೋ! ಗಿಟಾರು ಡೋಲುಗಳು ಇನ್ನೂ ಜೊತೆಗಿವೆ. ವಿದ್ಯುತ್ ಸ್ವರವು ಅಂಚಿನ ಜರಿಯಂತೆ ಮಾತ್ರ ಇದೆ. ಮೂರು ಹಾಡುಗಳಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದುದು ಇದೇ. ಈ ಹಾಡಿಗಾಗಿ ಮಾರನೆಯ ವರ್ಷ ಫಿಲ್ಮ್‌ಫೇರ್ ಪ್ರಶಸ್ತಿಯೂ ಆಕೆಗೆ ಬಂದಿತು.

ಎರಡನೆಯದು "ಡಿಸ್ಕೋ ದೀವಾನೆ". ೧೯೮೧ರಲ್ಲಿ ಹೊರಬಂದ, ಅದೇ ಹೆಸರಿನ ಗೀತಗುಚ್ಛದ ಮೊದಲ ಹಾಡು. ಇಲ್ಲಿ ಗಮನಿಸತಕ್ಕ ದೊಡ್ಡ ಸಂಗತಿಯು ಹಾಡಲ್ಲ. ಇದರ ಹಿಂದೆ ಚಲನಚಿತ್ರವೇ ಇಲ್ಲದುದು. ಆ ಕಾಲದಲ್ಲಿ ಭಾರತದಲ್ಲಿ ಹಾಡೆಂದರೆ ಒಂದೋ ಶಾಸ್ತ್ರೀಯ, ಇಲ್ಲವೇ ಭಕ್ತಿಗೀತೆ ಭಾವಗೀತೆ, ಇಲ್ಲವೇ ಸಿನಿಮಾದ್ದು. ನಾಯಕ ನಾಯಿಕೆಯರ ಮುಖವಿಲ್ಲದೆ ಅಕ್ಕತಮ್ಮಂದಿರಿಬ್ಬರ ಹೆಸರಿನ ಮೇಲೆಯೇ ಹಾಡುಗಳು ಮಾರಾಟವಾಗಿ, ಗಡಿಯ ಎರಡು ಪಕ್ಕದಲ್ಲಿಯೂ ಮನೆಮನೆಗೆ ಹೊಕ್ಕುದು ಹೊಸ ಸಂಗತಿ. ಹಾಡಿನ ಗುಣವನ್ನು ಕೇಳಿದರೆ, ಮುಖಡಾ ಚೆನ್ನಾಗಿದೆ, ಒಂದು ಸಾರಿ ಕೇಳಿದರೆ ಸ್ನಾನದ ಮನೆಯವರೆಗೂ ಹಿಂಬಾಲಿಸುತ್ತದೆ, ಅಂತರೆಗಳು ಬಡವು. ಸಾಹಿತ್ಯದಲ್ಲಿ ಹೇಳತಕ್ಕದ್ದೇನೂ ಇಲ್ಲ. ಆದರೂ ೨೦೧೨ರಲ್ಲಿ ಬಂದ ಹಿಂದಿ ಚಿತ್ರವೊಂದು ಇದನ್ನೇ ಮತ್ತೆ ತೆಗೆದುಕೊಂಡಿತೆಂದರೆ ಆ ಮುಖಡಾದ ಸತ್ತ್ವವು ಎಷ್ಟೆಂಬುದು ತಿಳಿಯುತ್ತದೆ. ಇದೇ ಗುಚ್ಛದಲ್ಲಿ ನಿಧಾನವಾದ ಒಂದೆರಡು ಹಾಡುಗಳಿವೆ. ಅವುಗಳಲ್ಲಿ ಹುಡುಗಿಯ ಕಂಠವು ಯಂತ್ರದ ಗದ್ದಲವಿಲ್ಲದೆ ಕೇಳುವುದರಿಂದ, ಕುಣಿತವನ್ನು ಒಲ್ಲದ ಹಿರಿಯರು ಅವುಗಳಿಂದ ಆರಂಭಿಸುವುದು ವಾಸಿ.

ಮೂರನೆಯದಾದ "ಬೂಮ್ ಬೂಮ್" ೧೯೮೨ರ "ಸ್ಟಾರ್" ಚಿತ್ರದ್ದು. ಚಿತ್ರವು ಸೋತಿತು, ಹಾಡು ಉಳಿಯಿತು. ಸಿಂಥ್‌ಪಾಪ್ ಎಂಬ ಹೆಸರು ನಿಜವಾಗಿ ಸಲ್ಲತಕ್ಕದ್ದು ಇದಕ್ಕೆ. ಹಿಂದಿನೆರಡರಲ್ಲಿ ಅಂಚಿನಲ್ಲಿದ್ದ ವಿದ್ಯುತ್ ಸ್ವರವು ಇಲ್ಲಿ ಸೀರೆಯೇ ಆಗಿದೆ. ಮಂದ್ರದ ತುಣುಕೊಂದು ಗಾಣದ ಎತ್ತಿನಂತೆ ಸುತ್ತಿಸುತ್ತಿ ಬರುತ್ತದೆ. ಅದರ ಮೇಲೆ ಬೆಳಕಿನ ಕಿಡಿಗಳಂತೆ ತಾರದ ಸ್ವರಗಳು. ನಡುವೆ ಆ ಹುಡುಗಿಯ ನಿರುದ್ವೇಗವಾದ ಕಂಠ. ಯಂತ್ರಕ್ಕೆ ಎದುರಾಗಿ ಕೂಗಾಡದೆ ಅದರ ಪಕ್ಕದಲ್ಲಿ ತಣ್ಣಗೆ ನಿಂತು ಹಾಡಬೇಕೆಂಬ ಗುಟ್ಟನ್ನು ಆಕೆ ಹದಿನೇಳನೆಯ ವಯಸ್ಸಿನಲ್ಲಿಯೇ ಕಂಡುಕೊಂಡಿದ್ದಳು. ದೋಷವೆಂದರೆ, ಮೂರು ನಿಮಿಷದಲ್ಲಿ ಮುಗಿಯಬೇಕಾದುದನ್ನು ಎಳೆದಿದ್ದಾರೆ. ಕುಣಿಯುವವರಿಗೆ ಎಳೆದಷ್ಟೂ ಸಂತೋಷ. ಕುಳಿತು ಕೇಳುವವರಿಗೆ ಅಷ್ಟಿಲ್ಲ.

ಇದೇ ವೇಳೆಯಲ್ಲಿ, ೧೯೮೧ರಲ್ಲಿ, ಇಂಗ್ಲೆಂಡಿನ ಬ್ಯಾಸಿಲ್ಡನ್ ಎಂಬ ಊರಿನ ನಾಲ್ವರು ಹುಡುಗರು ಡಿಪೆಷ್ ಮೋಡ್ ಎಂಬ ಹೆಸರಿನಿಂದ ಮೂರು ತಟ್ಟೆಗಳನ್ನು ಹೊರಡಿಸಿದರು. ಆ ಹೆಸರು ಫ್ರಾನ್ಸಿನ ಉಡುಪಿನ ಮಾಸಪತ್ರಿಕೆಯೊಂದರದು. ಪತ್ರಿಕೆಗಳಿಂದ ಸಂಗೀತಕ್ಕೆ ಆಗುವ ಉಪಕಾರಗಳಲ್ಲಿ ಇದೂ ಒಂದೆಂದು ನಾವು ಎಣಿಸಿಕೊಳ್ಳಬಹುದು. ಫೆಬ್ರವರಿಯ ಮೊದಲ ಹಾಡು ಐವತ್ತೇಳನೆಯ ಸ್ಥಾನದಲ್ಲಿ ನಿಂತಿತು. ಜೂನಿನದು ಹನ್ನೊಂದಕ್ಕೂ, ಸೆಪ್ಟೆಂಬರಿನ "ಜಸ್ಟ್ ಕಾಂಟ್ ಗೆಟ್ ಎನಫ್" ಎಂಟಕ್ಕೂ ಏರಿದುವು. ಕೇಳಿ ನೋಡಿದರೆ ಏರಿಕೆಯ ಕಾರಣವು ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಯಂತ್ರಗಳು ಒಂದೊಂದೂ ತನ್ನ ಪಾಡಿಗೆ ತಾನು ನುಡಿಯುತ್ತವೆ. ಮೂರನೆಯದರಲ್ಲಿ ಒಂದು ಬಿಟ್ಟ ಜಾಗವನ್ನು ಇನ್ನೊಂದು ತುಂಬುತ್ತದೆ, ಪಿಟೀಲು ಮೃದಂಗಗಳ ಹೊಂದಾಣಿಕೆಯಂತೆ. ಏಳೆಂಟು ತಿಂಗಳಲ್ಲಿ ಹುಡುಗರು ಕಲಿತುದು ಇದನ್ನೇ.

ಇನ್ನು ಅಜ್ಜಿಯವರ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಸಂಗೀತದ ಜೀವವು ಗಮಕದಲ್ಲಿದೆ. ಎರಡು ಸ್ವರಗಳ ನಡುವಣ ದಾರಿಯೇ ರಾಗ. ಮೆಟ್ಟಿಲು ಮೆಟ್ಟಿಲಾಗಿ ಮನೆಗಳಿರುವ ವಾದ್ಯದಲ್ಲಿ ಆ ದಾರಿಯು ಎಲ್ಲಿಂದ ಬರಬೇಕು? ಇದೇ ಆಕ್ಷೇಪವನ್ನು ಮುಂದಿಟ್ಟು ಆಕಾಶವಾಣಿಯವರು ೧೯೪೦ರಲ್ಲಿ ಹಾರ್ಮೋನಿಯಮ್ಮನ್ನು ತಮ್ಮ ಕಟ್ಟಡದಿಂದ ಹೊರಗಟ್ಟಿದರು. ಮತ್ತೆ ಒಳಗೆ ಬಿಡುವುದಕ್ಕೆ ೧೯೭೧ರವರೆಗೆ ಹಿಡಿಯಿತು. ಮೂವತ್ತೊಂದು ವರ್ಷದ ಆ ವನವಾಸದಲ್ಲಿ ಹಾರ್ಮೋನಿಯಮ್ಮು ನಾಟಕದ ಕಂಪನಿಗಳಲ್ಲಿಯೂ, ಭಜನೆಯ ಮನೆಗಳಲ್ಲಿಯೂ ಸುಖವಾಗಿಯೇ ಇತ್ತು. ಸಿಂಥಸೈಜರಿಗಾದರೋ ಹಾರ್ಮೋನಿಯಮ್ಮಿಗೆ ಇಲ್ಲದ ಒಂದು ಅನುಕೂಲವಿದೆ. ಎಡಗೈಯ ಬಳಿ ಒಂದು ಚಿಕ್ಕ ಗಾಲಿಯಿರುತ್ತದೆ. ಅದನ್ನು ತಿರುಗಿಸಿದರೆ ಸ್ವರವು ಬಾಗುತ್ತದೆ, ತಂತಿಯನ್ನು ಎಳೆದಂತೆ. ವೀಣೆಯ ಎಳೆತಕ್ಕೆ ಇದು ಸಮವೆಂದು ನಾವು ಹೇಳುವುದಿಲ್ಲ. ದಾರಿಯು ಇದೆಯೆಂದು ಮಾತ್ರ ಹೇಳುತ್ತೇವೆ. ೧೯೮೨ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಎಂಬವರು ಹತ್ತು ರಾಗಗಳನ್ನು ಈ ಯಂತ್ರಗಳ ಮೇಲೆ ನುಡಿಸಿ ತಟ್ಟೆಯೊಂದನ್ನು ಹೊರಡಿಸಿದರು. ಆಗ ಅದನ್ನು ಕೇಳಿದವರು ಬಲು ಕೆಲವರು. ಈಗ ಪಶ್ಚಿಮದವರು ಅದನ್ನು ಹುಡುಕಿ ಹುಡುಕಿ ಕೇಳುತ್ತಾರೆ. ಮತ್ತು ಅಜ್ಜಿಯವರು ಮುಂಜಾನೆ ಶ್ರುತಿಗೆ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಯಾದರೂ ಏನು? ಬೆಂಗಳೂರಿನ ಜಿ. ರಾಜನಾರಾಯಣ ಅವರು, ಸ್ವತಃ ಕೊಳಲು ನುಡಿಸುವ ಇಂಜಿನಿಯರು, ತಮ್ಮ ರೇಡೆಲ್ ಸಂಸ್ಥೆಯಿಂದ ಮನೆಮನೆಗೆ ಕೊಟ್ಟ ವಿದ್ಯುತ್ ಶ್ರುತಿಪೆಟ್ಟಿಗೆ, ತಂಬೂರಿಗಳೂ ಇದೇ ಕುಲದವೇ. ವಿದ್ವಾಂಸರ ಕಚೇರಿಗಳಲ್ಲಿ ಅದು ನುಡಿಯುತ್ತಿರುವಾಗ ಯಾರೂ ಎದ್ದುಹೋದುದನ್ನು ನಾವು ಕಾಣೆವು.

ನಮ್ಮ ಚಿಂತೆಯು ಬೇರೊಂದು ಕಡೆಯದು. ಒಂದು ಪೆಟ್ಟಿಗೆಯು ಹತ್ತು ಜನರ ಕೆಲಸವನ್ನು ಮಾಡಿದರೆ ಆ ಹತ್ತು ಜನರು ಎಲ್ಲಿಗೆ ಹೋಗಬೇಕು? ೧೯೮೨ರಲ್ಲಿ ಬ್ರಿಟನ್ನಿನ ವಾದ್ಯಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರುಗಳನ್ನೇ ನಿಷೇಧಿಸಬೇಕೆಂದು ಠರಾವು ಮಾಡಿತು. ಇಡೀ ಸಂಘವು ಅದನ್ನು ಒಪ್ಪಲಿಲ್ಲ; ಆದರೆ ಅವರ ಭಯವು ಹುಸಿಯಾಗಿರಲಿಲ್ಲ. ನಮ್ಮಲ್ಲಿಯೇ ನೋಡಿ. ಹಾಸನದ ಗಣಪತಿಯ ಪೆಂಡಾಲಿಗೆ ಬರುವ ಆರ್ಕೆಸ್ಟ್ರಾಗಳಲ್ಲಿ ಹಿಂದೆ ಪಿಟೀಲಿನವರು, ಕೊಳಲಿನವರು, ಕ್ಲಾರಿಯೊನೆಟ್ಟಿನವರು ಸಾಲಾಗಿ ಕುಳಿತಿರುತ್ತಿದ್ದರು; ಈಗ ಕೀಬೋರ್ಡಿನವರೊಬ್ಬರೇ ಬಲಗೈಯಲ್ಲಿ ಕೊಳಲೂ ಎಡಗೈಯಲ್ಲಿ ಪಿಟೀಲೂ ಆಗುತ್ತಾರೆ. ಮದುವೆಯ ಮನೆಗಳಲ್ಲಿ ಓಲಗದವರ ಬದಲು ಮುದ್ರಿಸಿದ ಓಲಗವನ್ನು ಹಾಕಿ, ಮಾಂಗಲ್ಯಧಾರಣೆಯ ಹೊತ್ತಿಗೆ ಗುಂಡಿಯೊತ್ತುವುದನ್ನೂ ಕಂಡಿದ್ದೇವೆ. ಗಟ್ಟಿಮೇಳವೆಂದು ಪುರೋಹಿತರು ಕೈಯೆತ್ತಿದಾಗ ಯಾರ ಕಡೆಗೆ ನೋಡಬೇಕೆಂಬುದೇ ಅವರಿಗೆ ತಿಳಿಯುವುದಿಲ್ಲ. ಇದು ವಾದ್ಯದ ಅಪರಾಧವಲ್ಲ. ಖರ್ಚನ್ನು ಉಳಿಸುವ ಗೃಹಸ್ಥರ ನಿರ್ಣಯ. ಬೇರೆ ವಾದ್ಯದಂತೆ ನಟಿಸಿ ಅದರವರ ಅನ್ನವನ್ನು ಕಸಿಯುವ ಯಂತ್ರವು ಬೇರೆ, ಬೇರೆ ಯಾವ ವಾದ್ಯವೂ ನುಡಿಯಲಾರದುದನ್ನು ನುಡಿಯುವ ಯಂತ್ರವು ಬೇರೆ. "ಬೂಮ್ ಬೂಮ್" ಎರಡನೆಯ ಬಗೆಯದು. ಆ ಮಂದ್ರವನ್ನು ಯಾವ ಪಿಟೀಲಿನವರೂ ನುಡಿಸುತ್ತಿರಲಿಲ್ಲ; ಆದುದರಿಂದ ಅದರಿಂದ ಯಾವ ಪಿಟೀಲಿನವರೂ ಮನೆಗೆ ಹೋಗಲಿಲ್ಲ.

ಕನ್ನಡದಲ್ಲಿ ಈ ಬಗೆಯ ಹಾಡು ಬೇರೂರಿದುದು ೧೯೮೭ರ "ಪ್ರೇಮಲೋಕ"ದಿಂದ. ರವಿಚಂದ್ರನ್ ಅವರ ಚಿತ್ರ. ಮಾತೂ ಮಟ್ಟೂ ಹಂಸಲೇಖ ಅವರವು. ಧ್ವನಿಸುರುಳಿಯ ಅಂಗಡಿ, ಬಸ್ಸು, ಕಾಫಿಯ ಹೋಟಲು, ಎಲ್ಲಿ ಹೋದರೂ ಆ ವರ್ಷ ಅದೇ. ಯಂತ್ರದ ತಾಳವೂ ವಿದ್ಯುತ್ ಸ್ವರವೂ ಅಷ್ಟು ಧಾರಾಳವಾಗಿ ಅದುವರೆಗೆ ಕನ್ನಡದಲ್ಲಿ ಬಂದಿರಲಿಲ್ಲ. ಆದರೆ ಅದರ ಗೆಲವಿಗೆ ಯಂತ್ರವೊಂದೇ ಕಾರಣವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಹಂಸಲೇಖ ಅವರು ಪದ್ಯದ ಭಾಷೆಯನ್ನು ಬಿಟ್ಟು, ಕಾಲೇಜಿನ ಹುಡುಗ ಹುಡುಗಿಯರು ಬೀದಿಯಲ್ಲಿ ಆಡುವ ಮಾತನ್ನೇ, ಪ್ರಶ್ನೆಗೆ ಉತ್ತರವಾಗಿ, ತಾಳಕ್ಕೆ ಕೂರಿಸಿದರು. ಬಿದ್ದು ಅವರ ಹಾಡುಗಳಲ್ಲಿ ಕಾಣದ ಮಾತಿನ ಸೊಗಸು ಇಲ್ಲಿದೆ. ಆ ಚಿತ್ರದಲ್ಲಿ ಒಂದೆರಡು ಹಾಡುಗಳು ಯಂತ್ರದ ಮೋಹದಿಂದ ಒಂದೇ ಬಗೆಯವಾಗಿವೆಯೆಂಬುದೂ ಸುಳ್ಳಲ್ಲ. ಇದೇ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟ "ಗಾನಯೋಗಿ ಪಂಚಾಕ್ಷರ ಗವಾಯಿ"ಯು ೧೯೯೫ರದು. ಅದರ ಸಂಗೀತವು ಪೂರ್ತಿಯಾಗಿ ರಾಗದ ಮೇಲೆ ನಿಂತುದು. ಒಂದೇ ಕೈ ಎರಡನ್ನೂ ಮಾಡಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೆರೆಯವರ ಪ್ರಶ್ನೆಗೆ ನಾವು ವಾದವನ್ನು ಹೂಡುವುದಿಲ್ಲ. ನಾಜಿಯಾಳ ಬಾಳನ್ನೇ ಹೇಳುತ್ತೇವೆ. ಅಷ್ಟು ಕೀರ್ತಿ ಬಂದರೂ ತಂದೆತಾಯಿಗಳು ಮಕ್ಕಳ ಓದನ್ನು ಬಿಡಿಸಲಿಲ್ಲ. ಹಾಡುಗಳ ಮುದ್ರಣವು ಓದಿನ ನಡುವೆಯೇ ನಡೆಯಿತು. ಆಕೆ ಮುಂದೆ ಲಂಡನ್ನಿನಲ್ಲಿ ಕಾನೂನಿನ ಪದವಿಯನ್ನು ಪಡೆದಳು. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದಳು. ಬಡ ಮಕ್ಕಳಿಗಾಗಿ ದುಡಿದಳು. ೧೯೯೨ರ ಗುಚ್ಛವೇ ಅಕ್ಕತಮ್ಮಂದಿರ ಕೊನೆಯದು; ಆಮೇಲೆ ಆಕೆ ಹಾಡಿನಿಂದ ದೂರವಾದಳು. ೨೦೦೦ದ ಆಗಸ್ಟಿನಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಯ ಹದಿನೈದರ ಕಂಠವು ಈಗ ಹೊಳೆನರಸೀಪುರದ ತಾರಸಿಯ ಮೇಲೆ ನುಡಿಯುತ್ತಿದೆ. ಹದಿನೈದು ಹದಿನಾರರಲ್ಲಿ ಹಾಡಬೇಡವೆಂದು ಆಕೆಯ ಮನೆಯವರು ಹೇಳಿದ್ದರೆ ಉಳಿಯುತ್ತಿದ್ದುದು ಏನೆಂಬುದನ್ನು ನೆರೆಯವರು ಯೋಚಿಸಲಿ.

ಹಣದ ಮಾತು. ಇಪ್ಪತ್ತೈದು ಸಾವಿರವು ಸಣ್ಣ ಮೊತ್ತವಲ್ಲ. ಕಂತಿನ ಮೇಲೆ ಕೊಳ್ಳುವುದಂತೂ ಬೇಡ. ಕೈಯಲ್ಲಿರುವ ಹಳೆಯ ವಾದ್ಯದಿಂದ ಇನ್ನೂ ಮೂರು ಹಾಡುಗಳಾಗಲಿ. ಆಮೇಲೂ ಉತ್ಸಾಹವು ಇದ್ದರೆ, ಐದು ಸಪ್ತಕಗಳು ಅಂದರೆ ಅರವತ್ತೊಂದು ಮನೆಗಳಿರುವ, ಒತ್ತಿದ ಬಲಕ್ಕೆ ತಕ್ಕಂತೆ ದನಿಯು ಹೆಚ್ಚು ಕಡಮೆಯಾಗುವ, ಸ್ವರವನ್ನು ಬಾಗಿಸುವ ಗಾಲಿಯಿರುವ ವಾದ್ಯವನ್ನು ಆರಿಸಬೇಕು. ಅಂಗಡಿಯವರು ಐನೂರು ಬಗೆಯ ದನಿಗಳಿವೆಯೆಂದು ಎಣಿಸಿ ತೋರಿಸಿದರೆ ಮರುಳಾಗಬಾರದು. ಅವುಗಳಲ್ಲಿ ನಾನೂರ ತೊಂಬತ್ತು ಯಾವ ಮನೆಯಲ್ಲಿಯೂ ಎರಡನೆಯ ಸಲ ನುಡಿದುದಿಲ್ಲ. ರಾತ್ರಿಯ ಹೊತ್ತು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಮಾತ್ರ ಈ ತಿಂಗಳೇ ಕೊಡಿಸಬಹುದು. ಅದರಿಂದ ನೆರೆಯವರ ಆಕ್ಷೇಪವು ಅರ್ಧಕ್ಕೆ ಇಳಿದೀತು.

ಕಾಗದಕ್ಕೆ ಉತ್ತರ ಬರೆದು, ನಿಮ್ಮ ಹಾಡನ್ನೂ ಕಳುಹಿಸಿರೆಂದು ಕೇಳಿದ್ದೆವು. ಕಳುಹಿಸಿದ್ದಾರೆ. ಅದನ್ನೂ ಉಳಿದವುಗಳಂತೆಯೇ ವಿಮರ್ಶಿಸುತ್ತೇವೆ. ಮಕ್ಕಳೆಂದು ರಿಯಾಯಿತಿ ತೋರಿಸುವುದು ಅವರಿಗೆ ಅವಮಾನ. ಹೇಮಾವತಿಯ ಸೇತುವೆಯ ಮೇಲೆ ಬಸ್ಸಿಗೆ ಕಾಯುವುದು ವಸ್ತು; ಒಳ್ಳೆಯ ವಸ್ತು. ಸಾಹಿತ್ಯವು ಅರ್ಧ ಕನ್ನಡ ಅರ್ಧ ಇಂಗ್ಲಿಷು. ಇಂಗ್ಲಿಷಿನ ಭಾಗದಲ್ಲಿ ಹುಡುಗಿಯ ಕಂಠವು ಬೇರೆ ಯಾರದೋ ಆಗುತ್ತದೆ, ಕನ್ನಡಕ್ಕೆ ಬಂದೊಡನೆ ಮನೆಗ್ಗೆ ಬಂದಂತೆ ಸಡಿಲವಾಗುತ್ತದೆ. ತಮ್ಮನು ಹಾಕಿರುವ ತಾಳವು ಮೊದಲಿಂದ ಕೊನೆಯವರೆಗೂ ಒಂದೇ. ಬಸ್ಸು ಬಂದ ಮೇಲೂ ಕಾಯುತ್ತಲೇ ಇದೆ. ಮೂರನೆಯ ನಿಮಿಷದ ಹೊತ್ತಿಗೆ ಮಾತ್ರ, ತಾಳವು ಒಂದು ಕ್ಷಣ ನಿಂತಾಗ, ಆ ಹಳೆಯ ವಾದ್ಯದ ಗಾಲಿಯನ್ನು ತಿರುಗಿಸಿ ಹುಡುಗಿಯು ಗಾಂಧಾರವೊಂದನ್ನು ಮೆಲ್ಲನೆ ಎಳೆದಿದ್ದಾಳೆ. ಅದು ಬಿದ್ದು ಅವರ ಹಾಡುಗಳಲ್ಲಿ ಇಲ್ಲ. ಬ್ಯಾಸಿಲ್ಡನ್ನಿನ ಹುಡುಗರ ಹಾಡುಗಳಲ್ಲಿಯೂ ಇಲ್ಲ. ಅಜ್ಜಿಯವರಿಗೆ ಈ ಜಾಗವನ್ನು ಕೇಳಿಸಿ, ಎಳೆತವು ಇನ್ನೂ ಎಷ್ಟು ಹೊತ್ತು ನಿಲ್ಲಬೇಕೆಂದು ಅವರನ್ನೇ ಕೇಳತಕ್ಕದ್ದು. ಎರಡನೆಯ ಹಾಡು ಸಿದ್ಧವಾದೊಡನೆ ಕಳುಹಿಸಲಿ. ಇದೇ ಅಂಕಣದಲ್ಲಿ ಅದಕ್ಕೆ ಸ್ಥಳವನ್ನು ಇಟ್ಟಿರುತ್ತೇವೆ.